ಮನೆಮಾತನ್ನು ಮನೆಯಲ್ಲೇ ಬಿಟ್ಟು ಬರಬೇಕೇ?

ಹೈಸ್ಕೂಲಿನಲ್ಲಿ ಕನ್ನಡ ಪಾಠ ಓದುವ ಸರದಿ ನನಗೆ ಬಂದಾಗಲೆಲ್ಲ ಹಿಂದಿನ ಬೆಂಚಿನಲ್ಲಿ ನಗು ಶುರುವಾಗುತ್ತಿತ್ತು. ನನ್ನ ಬಾಯಲ್ಲಿ ‘ಳ’ ಸರಿಯಾಗಿ ಹೊರಳುತ್ತಿರಲಿಲ್ಲ. ರಜೆಯಲ್ಲಿ ದೆಹಲಿಯಿಂದ ಚಾಚಾನ ಮಕ್ಕಳು ಬಂದರೆ ಅವರಿಗೂ ನಗು. ನಾವು ಮನೆಯಲ್ಲಿ ಆಡುವ ‘ನಕ್ಕೋ’, ‘ಕೈಕೂ’ ಅವರ ಕಿವಿಗೆ ಉರ್ದುವೇ ಅಲ್ಲ. ಕನ್ನಡದವರಿಗೆ ನನ್ನ ಕನ್ನಡ ಸಾಲದು, ಉರ್ದುವಿನವರಿಗೆ ನನ್ನ ಉರ್ದು ಸಾಲದು. ಕಾಲೇಜಿಗೆ ಸೇರಿದಾಗ ನಾನೊಂದು ಸುಲಭದ ದಾರಿ ಹಿಡಿದೆ. ದಾದಿಯ ದಖನಿಯನ್ನು ಮನೆಯಲ್ಲೇ ಬಿಟ್ಟು ಬರುವುದು. ನಮ್ಮಲ್ಲಿ ದಖನಿ, ಬ್ಯಾರಿ, ತುಳು, ಮಲಯಾಳ ಆಡುವ ಎಷ್ಟೋ ಗೆಳೆಯರು ಹೀಗೆಯೇ ಮಾಡುತ್ತಾರೆ.

ಇದು ನಷ್ಟದ ದಾರಿ ಎಂದು ನನಗೆ ತಿಳಿದದ್ದು ಆಗಾ ಶಾಹಿದ್ ಅಲಿ ಎಂಬ ಕವಿಯ ಬದುಕನ್ನು ಓದಿದ ಮೇಲೆ.

ಶಾಹಿದ್ ಹುಟ್ಟಿದ್ದು 1949ರಲ್ಲಿ, ದೆಹಲಿಯಲ್ಲಿ. ಬೆಳೆದದ್ದು ಶ್ರೀನಗರದಲ್ಲಿ. ಮನೆಯಲ್ಲಿ ಕಾಶ್ಮೀರಿ, ಉರ್ದು, ಇಂಗ್ಲಿಷ್ ಮೂರೂ ನಡೆಯುತ್ತಿದ್ದವು. ಅಜ್ಜಿ ಬೇಗಂ ಜಫರ್ ಅಲಿ ಕಾಶ್ಮೀರದಲ್ಲಿ ಮೆಟ್ರಿಕ್ ಪಾಸಾದ ಮೊದಲ ಮಹಿಳೆ ಎಂದು ಹೆಸರಾದವರು. ಪಾರ್ಸಿಯೂ ಸೇರಿ ನಾಲ್ಕು ಭಾಷೆಗಳ ಕಾವ್ಯ ಅವರ ನಾಲಿಗೆಯ ಮೇಲಿತ್ತು. ಹುಡುಗ ಶಾಹಿದ್‌ಗೆ ಒಮ್ಮೆ ತನ್ನ ಕೋಣೆಯಲ್ಲಿ ಪುಟ್ಟ ಹಿಂದೂ ಗುಡಿಯೊಂದನ್ನು ಮಾಡಿಕೊಳ್ಳಬೇಕು ಎನಿಸಿತಂತೆ. ತಂದೆತಾಯಿ ಗದರಲಿಲ್ಲ, ತಾಯಿಯೇ ಬೇಕಾದ ಮೂರ್ತಿಗಳನ್ನು ತಂದುಕೊಟ್ಟರು. ಈ ಪ್ರಸಂಗವನ್ನು ಅವರ ಗೆಳೆಯ, ಕಾದಂಬರಿಕಾರ ಅಮಿತಾವ್ ಘೋಷ್ ದಾಖಲಿಸಿದ್ದಾರೆ. ಎರಡನೆಯದನ್ನು ಪಡೆಯಲು ಮೊದಲನೆಯದನ್ನು ಬಿಡಬೇಕು ಎಂದು ಆ ಮನೆಯಲ್ಲಿ ಯಾರೂ ಹೇಳಲಿಲ್ಲ.

1970ರ ದಶಕದಲ್ಲಿ ಶಾಹಿದ್ ಓದಲು ಅಮೆರಿಕಕ್ಕೆ ಹೋದರು. 1984ರಲ್ಲಿ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದಿಂದ ಪಿಎಚ್‌.ಡಿ. ಪಡೆದು, ಅಮೆರಿಕದಲ್ಲೇ ಅಧ್ಯಾಪಕರಾಗಿ ಉಳಿದರು. ಬರೆದದ್ದೆಲ್ಲ ಇಂಗ್ಲಿಷಿನಲ್ಲಿ. ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ನಾನು ಇವರ ಬಗ್ಗೆ ಹೇಳಿದಾಗ ಗೆಳತಿಯೊಬ್ಬಳು ಕೇಳಿದ್ದೂ ಅದನ್ನೇ: “ಊರು ಬಿಟ್ಟು ಹೋಗಿ, ಪರಭಾಷೆಯಲ್ಲಿ ಬರೆದವರು ಮನೆಮಾತಿಗೆ ಹೇಗೆ ಮಾದರಿ?”

ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರ ಅವರ ಗಜಲ್‌ಗಳಲ್ಲಿದೆ.

ಗಾಲಿಬ್ ನಿಧನರಾಗಿ ನೂರು ವರ್ಷ ತುಂಬಿದ ಸಂದರ್ಭದಲ್ಲಿ, ಅಂದರೆ 1960ರ ದಶಕದ ಕೊನೆಯ ಹೊತ್ತಿಗೆ, ಕೆಲವು ಅಮೆರಿಕನ್ ಕವಿಗಳಿಗೆ ಗಜಲ್ ಪರಿಚಯವಾಯಿತು. ಎರಡೆರಡು ಸಾಲು ಬರೆದು ಜೋಡಿಸಿದರೆ ಸಾಕು, ಪ್ರಾಸ ಬೇಡ, ನಿಯಮ ಬೇಡ ಎಂಬ ಪದ್ಧತಿ ಅಲ್ಲಿ ಬೆಳೆಯಿತು. ಶಾಹಿದ್ ಇದನ್ನು ಒಪ್ಪಲಿಲ್ಲ. ಗಜಲ್ ಎಂದರೆ ಮೊದಲ ದ್ವಿಪದಿಯ ಎರಡೂ ಸಾಲಿನಲ್ಲಿ, ಆಮೇಲೆ ಪ್ರತಿ ದ್ವಿಪದಿಯ ಎರಡನೇ ಸಾಲಿನಲ್ಲಿ ರದೀಫ್ ಮರಳಿ ಬರಬೇಕು, ಅದರ ಹಿಂದೆ ಕಾಫಿಯಾ ಇರಬೇಕು. ಪ್ರತಿ ಶೇರ್ ತನ್ನ ಕಾಲ ಮೇಲೆ ನಿಲ್ಲಬೇಕು ಎಂದು ಪಟ್ಟು ಹಿಡಿದರು. ತಾವೇ ಹಾಗೆ ಬರೆದು ತೋರಿಸಿದರು. ನೂರಕ್ಕೂ ಹೆಚ್ಚು ಕವಿಗಳಿಂದ ಇಂಗ್ಲಿಷ್ ಗಜಲ್‌ಗಳನ್ನು ಕೂಡಿಸಿ 2000ದಲ್ಲಿ ‘ರ‍್ಯಾವಿಷಿಂಗ್ ಡಿಸ್‌ಯೂನಿಟೀಸ್’ ಎಂಬ ಸಂಕಲನ ತಂದರು. ಫೈಜ್ ಅಹ್ಮದ್ ಫೈಜ್ ಅವರ ಕವಿತೆಗಳನ್ನು ಇಂಗ್ಲಿಷಿಗೆ ತಂದವರೂ ಅವರೇ.

ಮಕ್ತಾದಲ್ಲಿ, ಅಂದರೆ ಕೊನೆಯ ಶೇರಿನಲ್ಲಿ, ಕವಿ ತನ್ನ ಹೆಸರು ತರುವುದು ವಾಡಿಕೆ. ‘ಶಾಹಿದ್’ ಎಂದರೆ ಅರಬ್ಬಿಯಲ್ಲಿ ಸಾಕ್ಷಿ, ಪಾರ್ಸಿಯಲ್ಲಿ ಪ್ರಿಯ. ಈ ಎರಡು ಅರ್ಥಗಳನ್ನು ಅವರು ಇಂಗ್ಲಿಷ್ ಓದುಗರಿಗೂ ಕಲಿಸಿಬಿಟ್ಟರು. ಅವರು ಇಂಗ್ಲಿಷಿಗೆ ಹೋದದ್ದು ಬರಿಗೈಯಲ್ಲಿ ಅಲ್ಲ. ಮನೆಯ ಕಟ್ಟುಪಾಡುಗಳನ್ನು ಜೊತೆಗೆ ಒಯ್ದು, ಆ ಭಾಷೆಯೇ ಅವುಗಳಿಗೆ ಜಾಗ ಮಾಡಿಕೊಡುವಂತೆ ಮಾಡಿದರು.

ಊರನ್ನೂ ಅವರು ಬಿಟ್ಟಿರಲಿಲ್ಲ. 1990ರಲ್ಲಿ ಕಾಶ್ಮೀರ ಹೊತ್ತಿ ಉರಿಯುವಾಗ ಅಂಚೆ ತಿಂಗಳುಗಟ್ಟಲೆ ನಿಂತುಹೋಗಿತ್ತು. ‘ದ ಕಂಟ್ರಿ ವಿದೌಟ್ ಎ ಪೋಸ್ಟ್ ಆಫೀಸ್’ ಎಂಬ 1997ರ ಸಂಕಲನ ಅದರಿಂದಲೇ ಹುಟ್ಟಿತು. ಕಣಿವೆ ತೊರೆದ ಪಂಡಿತರ ನೋವೂ ಅವರದಾಗಿತ್ತು. ಪಂಡಿತರ ರೀತಿಯ ರೋಗನ್ ಜೋಶ್ ಮಾಡುವುದರಲ್ಲಿ ಅವರು ನಿಸ್ಸೀಮರು. ಪಂಡಿತರೊಡನೆ ಆ ಅಡುಗೆಯೂ ಅಳಿದೀತು ಎಂಬ ಭಯ ಅವರ ಕನಸಿನಲ್ಲಿ ಬರುತ್ತಿತ್ತಂತೆ. ಅದೇ 1997ರಲ್ಲಿ ತಾಯಿ ಅಮೆರಿಕದಲ್ಲಿ ಮಿದುಳಿನ ಕ್ಯಾನ್ಸರ್‌ನಿಂದ ತೀರಿಕೊಂಡರು. ಮಯ್ಯತ್ತನ್ನು ಕಾಶ್ಮೀರಕ್ಕೆ ಒಯ್ದ ಆ ಪ್ರಯಾಣವನ್ನು ಅವರು ಕರ್ಬಲಾದ ದುಃಖದೊಂದಿಗೆ, ಹಜ್ರತ್ ಜೈನಬರ ಅಳಲಿನೊಂದಿಗೆ ಸೇರಿಸಿ ಬರೆದರು. ಮೊಹರಂ ಮರ್ಸಿಯಾ ಕೇಳಿ ಬೆಳೆದವರಿಗೆ ಅದು ಪರಭಾಷೆಯ ಕವಿತೆ ಎನಿಸಲಾರದು. ಆ ಸಂಕಲನ 2001ರಲ್ಲಿ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್‌ನ ಅಂತಿಮ ಸುತ್ತಿಗೆ ಬಂತು. ಅದೇ ವರ್ಷ ಡಿಸೆಂಬರ್ 8ರಂದು ಶಾಹಿದ್ ಕೂಡ ಮಿದುಳಿನ ಗಡ್ಡೆಯಿಂದಲೇ ತೀರಿಕೊಂಡರು. ಆಗ ವಯಸ್ಸು 52. ಅವರ ಕಬರ್ ಮ್ಯಾಸಚೂಸೆಟ್ಸ್‌ನ ನಾರ್ಥಾಂಪ್ಟನ್‌ನಲ್ಲಿದೆ.

ಇನ್ನು ನಮ್ಮ ವಿಷಯ. ಗಜಲ್ ಕನ್ನಡಕ್ಕೂ ಬಂದಿದೆ. ರಾಯಚೂರು ಕಡೆಯ ಶಾಂತರಸರು ಉರ್ದು ಬಲ್ಲವರಾಗಿ, ರದೀಫ್, ಕಾಫಿಯಾಗಳನ್ನು ಅರಿತು ಕನ್ನಡದಲ್ಲಿ ಗಜಲ್ ಬರೆದರು. ಆದರೆ ನಮ್ಮ ಗೋಡೆಪತ್ರಿಕೆಯಲ್ಲಿ ‘ಗಜಲ್’ ಎಂಬ ತಲೆಬರಹದಡಿ ಬರುವುದನ್ನು ನೋಡಿ. ನಾಲ್ಕು ಪ್ರೇಮದ ಸಾಲು ಇದ್ದರೆ ಗಜಲ್! ನಾನೂ ಹಾಗೆ ಎರಡು ಬರೆದು ಅಂಟಿಸಿದ್ದೇನೆ. ಉರ್ದು ಮನೆಯಲ್ಲಿ ಹುಟ್ಟಿಯೂ ಕಾಫಿಯಾ ಎಂದರೇನೆಂದು ದಾದಿಯನ್ನು ಒಮ್ಮೆಯೂ ಕೇಳಿರಲಿಲ್ಲ. ಕಳೆದ ತಿಂಗಳು ಕೇಳಿದೆ. ಶಾಲೆಯ ಮೆಟ್ಟಿಲು ಹತ್ತದ ದಾದಿ ಕಾಫಿಯಾ ಎಂಬ ಹೆಸರು ಕೇಳಿದವರಲ್ಲ. ಆದರೆ ಮದುವೆ ಮನೆಯಲ್ಲಿ ಹಾಡುವ ಹಾಡೊಂದನ್ನು ಹೇಳಿ, ಪ್ರಾಸ ತಪ್ಪಿದರೆ ಹೇಗೆ ಕೆಡುತ್ತದೆ ಎಂದು ತೋರಿಸಿದರು.

ನೀಟ್, ಸಿಇಟಿ ನಡುವೆ ಇದಕ್ಕೆಲ್ಲ ಸಮಯ ಎಲ್ಲಿ ಎಂದು ಕೇಳಬಹುದು. ನಾನೂ ವಿಜ್ಞಾನದವಳೇ. ನಾವು ಮುಂದೆ ಬೆಂಗಳೂರಿಗೋ ದುಬೈಗೋ ಹೋಗಬಹುದು. ಆ ಊರುಗಳಲ್ಲಿ ಇಂಗ್ಲಿಷ್ ಬೇಕೇ ಬೇಕು. ಚೆನ್ನಾಗಿ ಕಲಿಯೋಣ. ಕನ್ನಡವನ್ನೂ ನಾಚದೆ, ತಪ್ಪಿದರೆ ತಿದ್ದಿಕೊಳ್ಳುತ್ತ ಕಲಿಯೋಣ. ಅವುಗಳಿಗಾಗಿ ಮನೆಮಾತನ್ನು ಬಲಿ ಕೊಡಬೇಕಿಲ್ಲ ಎಂಬುದಷ್ಟೇ ನನ್ನ ವಾದ.

ಸಂಪಾದಕ ಮಂಡಳಿಗೂ ಭಾಷಾ ವಿಭಾಗದ ಗುರುಗಳಿಗೂ ಒಂದು ವಿನಂತಿ. ಗೋಡೆಪತ್ರಿಕೆಯಲ್ಲಿ ಒಂದು ಅಂಕಣ ಮನೆಮಾತುಗಳಿಗೆ ಇರಲಿ. ದಖನಿ, ಬ್ಯಾರಿ, ತುಳು ಯಾವುದೇ ಇರಲಿ, ಹಿರಿಯರಿಂದ ಕೇಳಿದ ಒಂದು ಗಾದೆ, ಒಂದು ಹಾಡು ಕನ್ನಡ ಅರ್ಥದೊಂದಿಗೆ ಬರಲಿ. ಮೊದಲನೆಯದನ್ನು ನಾನು ಕೊಡುತ್ತೇನೆ. ದಾದಿ ಹೇಳಿದ ಆ ಮದುವೆಯ ಹಾಡನ್ನು ಬರೆದಿಟ್ಟುಕೊಂಡಿದ್ದೇನೆ.

– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ವಿಜ್ಞಾನ ವಿಭಾಗ