ಒಂದೇ ಒಲೆಯ ಅನ್ನ, ಒಂದೇ ಹಲಗೆಯ ಪಾಠ



ಕಾಫಿ ಕುಯ್ಲು ಆರಂಭವಾಯಿತೆಂದರೆ ಲೈನ್ ಮನೆಗಳ ಕೆಲವು ಮಕ್ಕಳ ಹೆಸರಿನ ಮುಂದೆ ಶಾಲೆಯ ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯೇ ತುಂಬುತ್ತದೆ. ಹುಡುಗ ಚೀಲ ಹಿಡಿಯುತ್ತಾನೆ, ಹುಡುಗಿ ಕೂಸನ್ನು ನೋಡಿಕೊಳ್ಳುತ್ತಾಳೆ. "ಎರಡು ತಿಂಗಳು ತಾನೇ" ಎನ್ನುವವರಿದ್ದಾರೆ. ಆದರೆ ಎರಡು ತಿಂಗಳ ಪಾಠ ತಪ್ಪಿದ ಮಗು ಹಿಂದೆ ಬೀಳುತ್ತದೆ, ನಾಚಿಕೊಳ್ಳುತ್ತದೆ, ಕಡೆಗೆ ಶಾಲೆಯನ್ನೇ ಬಿಡುತ್ತದೆ. ಬಡವರ ಮಕ್ಕಳಿಗಾಗಿ ಬಾಳನ್ನು ಸವೆಸಿದ ಒಬ್ಬ ಮೇಷ್ಟರ ಕಥೆಯನ್ನು ಈ ಹೊತ್ತಿನಲ್ಲಿ ನೆನೆಯುವುದು ಒಳ್ಳೆಯದೆಂದು ನಾವು ಎಣಿಸುತ್ತೇವೆ.

ಅವರು ಭಾವೂರಾವ್ ಪಾಟೀಲರು. ಇಚಲಕರಂಜಿಗೆ ಸಮೀಪದ, ಕೊಲ್ಹಾಪುರ ಜಿಲ್ಲೆಯ ಕುಂಭೋಜದಲ್ಲಿ 1887ರ ಸೆಪ್ಟೆಂಬರ್ 22ರಂದು ಜೈನ ಮನೆತನವೊಂದರಲ್ಲಿ ಹುಟ್ಟಿದರು. ಇವರ ಹಿರಿಯರು ನಮ್ಮ ಮೂಡಬಿದ್ರೆಯ ಕಡೆಯಿಂದ ಹೋದವರೆಂದು ಹೇಳುತ್ತಾರೆ. ಇವರು ದೊಡ್ಡ ಪದವಿ ಪಡೆದವರಲ್ಲ. ಸಾತಾರೆಯಲ್ಲಿ ಮಕ್ಕಳಿಗೆ ಖಾಸಗಿ ಪಾಠ ಹೇಳುತ್ತಾ "ಪಾಟೀಲ್ ಮಾಸ್ತರ್" ಎನಿಸಿಕೊಂಡರು. ಮುಂದೆ ಕಿರ್ಲೋಸ್ಕರರ ನೇಗಿಲು ಮಾರುತ್ತಾ ಹಳ್ಳಿಹಳ್ಳಿ ತಿರುಗಿ ರೈತನ ಬಡತನವನ್ನು ಕಣ್ಣಾರೆ ಕಂಡರು.

1914ರಲ್ಲಿ ಕೊಲ್ಹಾಪುರದಲ್ಲಿ ಪ್ರತಿಮೆಗೆ ಡಾಂಬರು ಬಳಿದ ಪ್ರಕರಣವೊಂದು ನಡೆಯಿತು. ಅಣ್ಣಾಸಾಹೇಬ ಲಠ್ಠೆಯವರ ವಿರುದ್ಧ ಸುಳ್ಳು ಸಾಕ್ಷಿ ಹೇಳಬೇಕೆಂದು ಇವರ ಮೇಲೆ ಒತ್ತಡ ಬಂತು. ಇವರು ಒಪ್ಪಲಿಲ್ಲ, ಸೆರೆಮನೆಯ ಕಷ್ಟ ಉಂಡರು. ನೆರೆಯವನ ಮೇಲೆ ಸುಳ್ಳು ಸಾಕ್ಷಿ ಹೇಳಬಾರದೆಂಬ ಆಜ್ಞೆಯನ್ನು ಬಾಯಿಪಾಠ ಮಾಡಿದ ನಮಗೆ, ಅದನ್ನು ಮೈಮೇಲೆ ಹೊತ್ತು ನಡೆದ ಈ ಮನುಷ್ಯ ಪರಕೀಯನಲ್ಲ.

ಆಗ ಕೊಲ್ಹಾಪುರವನ್ನು ಆಳುತ್ತಿದ್ದವರು ಶಾಹೂ ಮಹಾರಾಜರು. 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಮಾಡಿದರು. ಮರಾಠರು, ಜೈನರು, ಲಿಂಗಾಯತರು, ಮುಸಲ್ಮಾನರು, ಅಸ್ಪೃಶ್ಯರೆನಿಸಿದವರು, ನಮ್ಮ ಕ್ರೈಸ್ತರು, ಹೀಗೆ ಒಂದೊಂದು ಸಮಾಜದ ವಿದ್ಯಾರ್ಥಿಗಳಿಗೂ ವಸತಿಗೃಹಗಳಿಗೆ ನೆರವಾದರು. ಅದು ಆ ಕಾಲಕ್ಕೆ ದೊಡ್ಡ ಹೆಜ್ಜೆ. ಭಾವೂರಾವ್ ಇನ್ನೊಂದು ಹೆಜ್ಜೆ ಮುಂದಿಟ್ಟರು. 1919ರಲ್ಲಿ ಕರಾಡದ ಬಳಿಯ ಕಾಲೆ ಗ್ರಾಮದಲ್ಲಿ ರಯತ್ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ, 1924ರಲ್ಲಿ ಸಾತಾರೆಯಲ್ಲಿ ವಸತಿಗೃಹ ತೆರೆದರು. ಅಲ್ಲಿ ಎಲ್ಲ ಜಾತಿಯ ಹುಡುಗರಿಗೂ ಒಂದೇ ಒಲೆ, ಒಂದೇ ಪಂಕ್ತಿ. 1927ರಲ್ಲಿ ಗಾಂಧೀಜಿಯವರು ಬಂದು ಅದಕ್ಕೆ ಶಾಹೂ ಮಹಾರಾಜರ ಹೆಸರಿಟ್ಟರು.

ಹಣ ಎಲ್ಲಿಂದ? ಮಡದಿ ಲಕ್ಷ್ಮೀಬಾಯಿಯವರು ಮಕ್ಕಳ ಊಟಕ್ಕಾಗಿ ಒಡವೆಗಳನ್ನು, ಕಡೆಗೆ ಮಂಗಳಸೂತ್ರವನ್ನೂ ಕೊಟ್ಟರು. ಹಳ್ಳಿಯ ಹೆಂಗಸರು ಹಿಡಿ ಹಿಡಿ ಧಾನ್ಯ ತೆಗೆದಿಟ್ಟರು. ಹುಡುಗರು ತಾವೇ ಹೊಲದಲ್ಲಿ ದುಡಿದು ಓದಿದರು.

"ಅಲ್ಲಿಯ ಹುಡುಗರೂ ದುಡಿದರಲ್ಲ, ನಮ್ಮ ಮಕ್ಕಳು ಕಾಫಿ ಕುಯ್ದರೆ ತಪ್ಪೇನು?" ಎಂದು ಕೆಲವರು ಕೇಳಬಹುದು. ವ್ಯತ್ಯಾಸ ಬಹಳವಿದೆ, ಬಂಧುಗಳೇ. ಅವರು ಓದಿಗಾಗಿ ದುಡಿದರು. ನಮ್ಮ ಮಕ್ಕಳು ಓದನ್ನು ಬಿಟ್ಟು ದುಡಿಯುತ್ತಾರೆ. ಅವರ ಬೆವರು ಅವರ ಪುಸ್ತಕಕ್ಕೇ ಹಿಂತಿರುಗಿತು. ನಮ್ಮ ಮಕ್ಕಳ ಬೆವರು ತೂಕದ ಚೀಟಿಯಲ್ಲಿ ಮುಗಿದು ಹೋಗುತ್ತದೆ.

ಹಕ್ಕಿನ ಮಾತನ್ನೂ ಮರೆಯಬಾರದು. ಕಾರ್ಮಿಕರ ಮಕ್ಕಳಲ್ಲಿ 6ರಿಂದ 12 ವರ್ಷದವರು 25ಕ್ಕಿಂತ ಹೆಚ್ಚಿದ್ದರೆ ಮಾಲೀಕರೇ ಶಿಕ್ಷಣದ ಏರ್ಪಾಡು ಮಾಡುವಂತೆ ಸರ್ಕಾರ ನಿಯಮ ಮಾಡಬಹುದೆಂದು 1951ರ ತೋಟ ಕಾರ್ಮಿಕರ ಕಾಯ್ದೆ ಹೇಳಿತ್ತು. 2010ರಿಂದ 6ರಿಂದ 14 ವರ್ಷದ ಪ್ರತಿ ಮಗುವಿಗೂ ಉಚಿತ, ಕಡ್ಡಾಯ ಶಿಕ್ಷಣ ಕಾನೂನಿನ ಹಕ್ಕಾಗಿದೆ. ಅದನ್ನು ಕೇಳಿ ಪಡೆಯುವುದು ಸಂಘದ ಕೆಲಸ. ಆದರೆ ಸಂಜೆ ಆರು ಗಂಟೆಗೆ ಲೈನಿನಲ್ಲಿ ದೀಪ ಹಚ್ಚಿ ಮಕ್ಕಳನ್ನು ಕೂರಿಸುವುದು ನಮ್ಮದೇ ಕೆಲಸ.

ಆದ್ದರಿಂದ ನಮ್ಮ ಸಲಹೆ ಇಷ್ಟು. ಪ್ರತಿ ತೋಟದಲ್ಲೂ ಕುಯ್ಲಿನ ತಿಂಗಳುಗಳಲ್ಲಿ ಸಂಜೆಪಾಠ ನಡೆಯಲಿ. ಹತ್ತನೆಯ ತರಗತಿ ಮುಗಿಸಿದ ನಮ್ಮ ಹುಡುಗ ಹುಡುಗಿಯರೇ ಕಲಿಸಲಿ. ತಾಯಂದಿರು ಹಿಡಿ ಅಕ್ಕಿ ತೆಗೆದಿಟ್ಟು ಮಕ್ಕಳಿಗೆ ಗಂಜಿ ಕಾಯಿಸಲಿ. ಕೂಸುಗಳನ್ನು ನೋಡಿಕೊಳ್ಳಲು ವಯಸ್ಸಾದ ಅಜ್ಜಿಯರು ಸರದಿಯಲ್ಲಿ ಕೂರಲಿ, ಹುಡುಗಿಯರು ಶಾಲೆಗೆ ಹೋಗಲಿ. ಅಲ್ಲಿ ಸಭೆಯ ಮಕ್ಕಳು, ಹೊರಗಿನ ಮಕ್ಕಳು, ತಮಿಳು ಲೈನು, ಕನ್ನಡ ಲೈನು ಎಂಬ ಭೇದ ಬೇಡ. ಸ್ವಾಮಿಯು ಯಾರೊಂದಿಗೂ ಊಟಕ್ಕೆ ಕೂರಲು ಹಿಂಜರಿಯಲಿಲ್ಲ.

ಭಾವೂರಾವ್ 1959ರ ಮೇ 9ರಂದು ತೀರಿಕೊಂಡರು. ಅವರ ಸಂಸ್ಥೆಯ ಗುರುತು ಆಲದ ಮರ. ಅದರ ಬಿಳಲುಗಳು ಇಂದು ನೂರಾರು ಶಾಲೆಗಳಾಗಿ ನೆಲಕ್ಕೆ ಊರಿವೆ. ನಮ್ಮ ತೋಟಗಳಲ್ಲಿ ಅಂಥ ಮರ ಬೆಳೆಯಲು ಒಂದು ದೀಪ, ಒಂದು ಹಲಗೆ, ಒಂದು ಹಿಡಿ ಅಕ್ಕಿ ಸಾಕು. ಈ ಕುಯ್ಲಿಗೇ ಆರಂಭಿಸೋಣ.