ಹಾರುವುದನ್ನು ಬಿಟ್ಟುಕೊಟ್ಟ ವಿಮಾನಗಳು

ಎರಡನೆಯ ಮಹಾಯುದ್ಧದ ಪಾಠವನ್ನು ನಾನು ಅನೇಕ ವರ್ಷ ಹೇಳಿದ್ದೇನೆ. ಪರ್ಲ್ ಹಾರ್ಬರ್, ಹಿರೋಷಿಮಾ ಎಂದು ನಾಶದ ಹೆಸರುಗಳನ್ನು ಮಕ್ಕಳು ಕಂಠಪಾಠ ಮಾಡುತ್ತಾರೆ. ಕಡಲಿಗೆ ಬಿದ್ದವರನ್ನು ಎತ್ತಿ ತಂದವರಿಗೆ ಮಾತ್ರ ಆ ಪಾಠದಲ್ಲಿ ಒಂದು ಸಾಲೂ ಇರಲಿಲ್ಲ. ಇದು ನ್ಯಾಯವಲ್ಲವೆಂಬುದು ನನ್ನ ವಾದ.

ಅಮೆರಿಕದ ನೌಕಾಪಡೆಯಲ್ಲಿ ಕಿಂಗ್‌ಫಿಷರ್, ಅಂದರೆ ಮಿಂಚುಳ್ಳಿ, ಎಂಬ ಪುಟ್ಟ ವಿಮಾನವಿತ್ತು. (ಹೆಸರು ಕೇಳಿ ಬೆಂಗಳೂರಿನವರಿಗೆ ಬೇರೇನಾದರೂ ನೆನಪಾದರೆ ಹೊಣೆ ನನ್ನದಲ್ಲ.) ಹೊಟ್ಟೆಯ ಕೆಳಗೆ ಗಾಲಿಗಳ ಬದಲು ದೋಣಿಯಂತಹ ಒಂದು ದೊಡ್ಡ ಫ್ಲೋಟ್, ರೆಕ್ಕೆಗಳ ಕೆಳಗೆ ಎರಡು ಚಿಕ್ಕವು, 450 ಅಶ್ವಶಕ್ತಿಯ ಎಂಜಿನ್, ಇಬ್ಬರಿಗೆ ಮಾತ್ರ ಆಸನ. ಯುದ್ಧನೌಕೆಯಿಂದ ಕವಣೆಕಲ್ಲಿನಂತೆ ಅದನ್ನು ಚಿಮ್ಮಿಸುತ್ತಿದ್ದರು. ಮರಳಿ ನೀರಿಗಿಳಿದಾಗ ಕ್ರೇನಿನಿಂದ ಎತ್ತಿಕೊಳ್ಳುತ್ತಿದ್ದರು. ಕಡಲ ಕಾವಲು, ಫಿರಂಗಿಗಳ ಗುರಿ ನೋಡಿ ಹೇಳುವುದು, ಬಿದ್ದವರನ್ನು ಹುಡುಕುವುದು ಅದರ ಕೆಲಸ. ಜಪಾನಿನ ಝೀರೋ ವಿಮಾನವನ್ನು ಎದುರಿಸುವ ವೇಗ ಅದಕ್ಕಿರಲಿಲ್ಲ.

1944ರ ಏಪ್ರಿಲ್ 30ರಂದು ಪೆಸಿಫಿಕ್‌ನ ಟ್ರಕ್ ದ್ವೀಪಗಳ ಮೇಲೆ ದಾಳಿ ನಡೆದಿತ್ತು. ನಾರ್ತ್ ಕ್ಯಾರೊಲೈನಾ ನೌಕೆಯಿಂದ ಹೊರಟ ಎರಡು ಕಿಂಗ್‌ಫಿಷರ್‌ಗಳಲ್ಲಿ ಒಂದು ಅಲೆಗೆ ಮಗುಚಿತು. ಇನ್ನೊಂದರಲ್ಲಿದ್ದ ಜಾನ್ ಬರ್ನ್ಸ್ ನೀರಿಗಿಳಿದು ಅವರನ್ನು ಟ್ಯಾಂಗ್ ಎಂಬ ಜಲಾಂತರ್ಗಾಮಿಗೆ ಮುಟ್ಟಿಸಿದರು. ಮತ್ತೆ ಹೋಗಿ, ನೀರಿನಲ್ಲಿದ್ದ ವೈಮಾನಿಕರನ್ನು ಒಬ್ಬೊಬ್ಬರಾಗಿ ರೆಕ್ಕೆಗಳ ಮೇಲೆ ಹತ್ತಿಸಿಕೊಂಡರು. ಆ ಭಾರಕ್ಕೆ ವಿಮಾನ ಏಳುವುದು ಅಸಾಧ್ಯವಾಗಿತ್ತು. ಟ್ಯಾಂಗ್ ಬರುವವರೆಗೂ ವಿಮಾನವು ಅಲೆಗಳ ಹೊಡೆತ ತಿನ್ನುತ್ತ ದೋಣಿಯಾಗಿಯೇ ಉಳಿಯಿತು. ಜರ್ಜರಿತವಾದ ಅದನ್ನು ಕೊನೆಗೆ ಟ್ಯಾಂಗ್‌ನವರೇ ಗುಂಡು ಹಾರಿಸಿ ಮುಳುಗಿಸಿದರು. ಆ ದಾಳಿಯಲ್ಲಿ ಟ್ಯಾಂಗ್ ಒಟ್ಟು 22 ವೈಮಾನಿಕರನ್ನು ಹೊತ್ತು ತಂದಿತು.

ಇದೆಲ್ಲ ಲೆಕ್ಕಾಚಾರವೆನ್ನುವವರಿದ್ದಾರೆ. ಪಳಗಿದ ವೈಮಾನಿಕನನ್ನು ತಯಾರಿಸುವುದು ಕಷ್ಟ. ಬಿದ್ದರೂ ಎತ್ತಿಕೊಳ್ಳುತ್ತಾರೆಂಬ ನಂಬಿಕೆಯಿದ್ದರೆ ಆತ ಧೈರ್ಯದಿಂದ ಹೋರಾಡುತ್ತಾನೆ. ಒಪ್ಪುತ್ತೇನೆ. ಟ್ಯಾಂಗ್ ಅಲ್ಲಿ ನಿಂತಿದ್ದುದೂ ಮುಂಚಿನ ಯೋಜನೆಯಂತೆಯೇ. ಆದರೆ ಏಡ್ರಿಯನ್ ಮಾರ್ಕ್ಸ್ ಮಾಡಿದ್ದಕ್ಕೆ ಯಾವ ಲೆಕ್ಕ?

ಮಾರ್ಕ್ಸ್ ಅವರದು ಕೆಟಲೀನಾ, ಒಡಲೇ ದೋಣಿಯಾಗಿರುವ ದೊಡ್ಡ ವಿಮಾನ. ಯುದ್ಧಕಾಲದಲ್ಲಿ ನಮ್ಮ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ದುರಸ್ತಿಗೆಂದು ಬರುತ್ತಿದ್ದ ಕೆಟಲೀನಾಗಳು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ಇಂದಿನ ನೊರೆ ಕಂಡವರಿಗೆ ನಂಬುವುದು ಕಷ್ಟ!

ಅಣುಬಾಂಬಿನ ಭಾಗಗಳನ್ನು ಟಿನಿಯನ್ ದ್ವೀಪಕ್ಕೆ ಮುಟ್ಟಿಸಿ ಹೊರಟಿದ್ದ ಇಂಡಿಯಾನಾಪೊಲಿಸ್ ನೌಕೆ 1945ರ ಜುಲೈ 30ರಂದು ಟಾರ್ಪಿಡೊ ತಗುಲಿ ಮುಳುಗಿತು. ಸುಮಾರು 900 ಮಂದಿ ನೀರಿಗೆ ಬಿದ್ದರು. ಹಡಗು ಬರಲಿಲ್ಲವೆಂದು ಯಾರೂ ಹುಡುಕಲಿಲ್ಲ. ಆಗಸ್ಟ್ 2ರಂದು ಗಸ್ತು ವಿಮಾನವೊಂದರ ಕಣ್ಣಿಗೆ ಅವರು ಬಿದ್ದುದು ಆಕಸ್ಮಿಕ. ತೆರೆದ ಕಡಲಿನಲ್ಲಿ ಇಳಿಯಬಾರದೆಂಬ ನಿಯಮವಿದ್ದರೂ ಮಾರ್ಕ್ಸ್ ತಮ್ಮ ಸಿಬ್ಬಂದಿಯನ್ನು ಕೇಳಿ ಇಳಿದರು. ಒಳಗೆ ಜಾಗ ಸಾಲದೆ ರೆಕ್ಕೆಗಳ ಮೇಲೂ ಮಲಗಿಸಿ, 56 ಜನರನ್ನು ಉಳಿಸಿಕೊಂಡರು. ಅವರ ವಿಮಾನವೂ ಮತ್ತೆ ಹಾರಲಿಲ್ಲ. ಕೊನೆಗೆ ಬದುಕುಳಿದವರು 316 ಮಂದಿ. ನೌಕಾಪಡೆ ಹಡಗಿನ ಕಪ್ತಾನ ಮೆಕ್‌ವೇ ಅವರನ್ನೇ ವಿಚಾರಣೆಗೆ ಎಳೆಯಿತು. ಅಮೆರಿಕದ ಸಂಸತ್ತು ಅವರನ್ನು ನಿರ್ದೋಷಿಯೆಂದದ್ದು 2000ದಲ್ಲಿ.

ಹಿರೋಷಿಮಾ ಪಾಠದ ಪಕ್ಕದಲ್ಲೇ ಆ ಹಡಗಿಗೂ ಆ ಕೆಟಲೀನಾಗೂ ಮೂರು ಸಾಲು ಕೊಡಬಹುದು. ಪುಸ್ತಕದಲ್ಲಿ ಜಾಗವಿಲ್ಲವೆಂದರೆ ಮೇಷ್ಟರು ಬಾಯಿಮಾತಿನಲ್ಲಿ ಹೇಳಲಿ. ಐದು ನಿಮಿಷವೂ ಹಿಡಿಯದು.