ನಾಯಿ ತಿರುಗಿಸುವ ಕೆಲಸಕ್ಕೆ ನಾಚಿಕೆ ಏಕೆ?

ಕಳೆದ ಜೂನ್‌ನಿಂದ ಡಿಸೆಂಬರ್‌ವರೆಗೆ ನಾನು ಎರಡು ನಾಯಿಗಳನ್ನು ದಿನಾ ಬೆಳಿಗ್ಗೆ ವಾಕಿಂಗ್ ಕರೆದೊಯ್ದು ತಿಂಗಳಿಗೆ 1,800 ರೂಪಾಯಿ ಗಳಿಸಿದೆ. ಈ ಒಂದು ಸಾಲನ್ನು ನಮ್ಮ ಕಾಲೇಜಿನ ಪತ್ರಿಕೆಯಲ್ಲಿ ಬರೆಯುವ ಧೈರ್ಯ ಬರಲು ನನಗೆ ಏಳು ತಿಂಗಳು ಬೇಕಾಯಿತು. ಅಷ್ಟು ದಿನ ಏಕೆ ಬೇಕಾಯಿತು ಎಂಬುದನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ.

ನಮ್ಮ ಅಬ್ಬಾ ಟೇಲರ್. ಹೊಲಿದ ಬಟ್ಟೆಗಳನ್ನು ಮನೆಗಳಿಗೆ ಮುಟ್ಟಿಸುವುದು ನನ್ನ ಪಾಲಿನ ಕೆಲಸ. ಹುಡ್ಕೋ ಕಾಲೋನಿಯ ಒಬ್ಬ ನಿವೃತ್ತ ಮಾಸ್ತರರಿಗೆ ಮೊಣಕಾಲಿನ ಆಪರೇಷನ್ ಆಗಿತ್ತು. ಅವರ ಲ್ಯಾಬ್ರಡಾರ್ ನಾಯಿ ಮನೆಯಲ್ಲೇ ಕುಳಿತು ಊದಿಕೊಂಡಿತ್ತು. ಅಂಗಿ ಕೊಡಲು ಹೋದಾಗ ಅವರು, "ತಮ್ಮಾ, ಮುಂಜಾನೆ ಅರ್ಧ ತಾಸು ಇದನ್ನ ತಿರಗಿಸಿಕೊಂಡು ಬರ್ತೀಯೇನಪಾ? ಪುಕ್ಕಟೆ ಬ್ಯಾಡ, ದಿನಕ್ಕ ಮೂವತ್ತು ರೂಪಾಯಿ ಕೊಡ್ತೀನಿ" ಎಂದರು. ಹೂಂ ಅಂದೆ. ಒಂದು ತಿಂಗಳಲ್ಲಿ ಪಕ್ಕದ ರಸ್ತೆಯವರೂ ತಮ್ಮ ಮುಧೋಳ ನಾಯಿಯನ್ನು ಒಪ್ಪಿಸಿದರು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಇದು ಮಾಮೂಲಿ ಉದ್ಯೋಗ. ನಮ್ಮ ಗದಗ-ಬೆಟಗೇರಿಯಲ್ಲಿ ಹೊಸದು. ಬಂಡವಾಳ ಬೇಕಿಲ್ಲ. ಹೇಳಿದ ಹೊತ್ತಿಗೆ ಹೋಗಿ ಗೇಟಿನ ಮುಂದೆ ನಿಲ್ಲಬೇಕು, ಅಷ್ಟೆ. ಆ ಹಣದಲ್ಲಿ ಸಿಇಟಿ ಪುಸ್ತಕಗಳನ್ನು ಕೊಂಡೆ, ಉಳಿದದ್ದನ್ನು ಕೂಡಿಟ್ಟೆ.

ಮನೆಯಲ್ಲಿ ಮಾತ್ರ ಹೇಳಲಿಲ್ಲ. "ವಾಕಿಂಗ್‌ಗೆ ಹೋಗ್ತೀನಿ" ಎನ್ನುತ್ತಿದ್ದೆ. ಅರ್ಧ ನಿಜ, ಅರ್ಧ ಸುಳ್ಳು. ಕ್ಲಾಸಿನಲ್ಲೂ ಹೇಳಲಿಲ್ಲ. ಆದರೆ ಒಬ್ಬ ಗೆಳೆಯ ನೋಡಿಬಿಟ್ಟ. ಮರುದಿನ ಬೋರ್ಡಿನ ಮೇಲೆ ನಾಯಿಯ ಚಿತ್ರ, ಕೆಳಗೆ ನನ್ನ ರೋಲ್ ನಂಬರ್. "ಏನಲೇ, ಪಿಯುಸಿ ಓದಿ ನಾಯಿ ಕಾಯಾಕತ್ತೀಯೇನು?" ಎಂದು ನಗು. ನಕ್ಕವರಲ್ಲಿ ಒಬ್ಬ ಪ್ರತಿ ಭಾನುವಾರ ಮಾವನ ಗ್ಯಾರೇಜಿನಲ್ಲಿ ದುಡಿಯುತ್ತಾನೆ, ಇನ್ನೊಬ್ಬ ಸಂತೆಯಲ್ಲಿ ಚಪ್ಪಲಿ ಮಾರುತ್ತಾನೆ. ಅವರನ್ನು ಯಾರೂ ನಗುವುದಿಲ್ಲ, ನಗಲೂ ಬಾರದು. ನನ್ನನ್ನೇಕೆ ನಕ್ಕರು? ನಮ್ಮ ಕಡೆ ನಾಯಿ ಅಂದರೆ ಬೈಗುಳ. ಅದರ ಜೊತೆ ನಡೆಯುವವನಿಗೂ ಆ ಬೈಗುಳ ಅಂಟುತ್ತದೆ.

ಸೆಪ್ಟೆಂಬರ್‌ನಲ್ಲಿ ಒಂದು ಘಟನೆ ನಡೆಯಿತು. ಮುಧೋಳ ನಾಯಿ ಕಣ್ಣಿನಿಂದ ಬೇಟೆಯಾಡುವ ತಳಿ. ಎದುರಿಗೆ ಏನಾದರೂ ಓಡಿದರೆ ಅದರ ಕಾಲು ನಿಲ್ಲುವುದಿಲ್ಲ. ಅಂದು ಒಂದು ಹಂದಿ ರಸ್ತೆ ದಾಟಿತು. ಚೈನನ್ನು ಮಣಿಕಟ್ಟಿಗೆ ಸುತ್ತಿಕೊಂಡಿದ್ದೆ, ಅದು ನನ್ನದೇ ತಪ್ಪು. ನಾಯಿ ಜಗ್ಗಿದ ರಭಸಕ್ಕೆ ಬಿದ್ದೆ. ಗದ್ದಲಕ್ಕೆ ಎರಡು ಬೀದಿನಾಯಿಗಳು ಮೇಲೆ ಬಂದವು. ಒಂದರ ಹಲ್ಲು ಮೀನಖಂಡಕ್ಕೆ ತಾಗಿ ಸ್ವಲ್ಪ ರಕ್ತ ಬಂತು. ನಳದ ನೀರಿನಲ್ಲಿ ತೊಳೆದುಕೊಂಡು, ಪ್ಯಾಂಟ್ ಕೆಳಗೆಳೆದು ಕಾಲೇಜಿಗೆ ಬಂದೆ.

ಮನೆಯಲ್ಲಿ ಹೇಳಲಿಲ್ಲ. ಕಚ್ಚಿದ್ದನ್ನು ಹೇಳಬೇಕಾದರೆ ಕೆಲಸವನ್ನೂ ಹೇಳಬೇಕಿತ್ತು. ಒಂದಿಡೀ ಹಗಲು, ಒಂದಿಡೀ ರಾತ್ರಿ ಸುಮ್ಮನಿದ್ದೆ. ಮರುದಿನ ನಾನು ಕುಂಟುವುದನ್ನು ನೋಡಿ ನಮ್ಮ ಉಪನ್ಯಾಸಕರೊಬ್ಬರು ಪಕ್ಕಕ್ಕೆ ಕರೆದು ಕೇಳಿದರು. ಅವರ ಮುಂದೆ ಸುಳ್ಳು ಬರಲಿಲ್ಲ. ಅವರೇ ಅಬ್ಬಾಗೆ ಫೋನ್ ಮಾಡಿದರು. ಆಸ್ಪತ್ರೆಯಲ್ಲಿ ಗಾಯದ ಸುತ್ತ ಒಂದು ಇಂಜೆಕ್ಷನ್, ತೋಳಿಗೆ ರೇಬೀಸ್ ಲಸಿಕೆ. ಮತ್ತೆ 3, 7 ಮತ್ತು 28ನೇ ದಿನ ಲಸಿಕೆ. ಡಾಕ್ಟರ್ ಬೈದದ್ದು ಒಂದೇ ಮಾತಿಗೆ: "ನಿನ್ನೆ ಯಾಕ ಬರಲಿಲ್ಲ?"

ಆ ಪ್ರಶ್ನೆಗೆ ಉತ್ತರ ನನ್ನ ನಾಚಿಕೆ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿ ಉಳಿಯುವವರು ಇಲ್ಲವೆಂದೇ ಹೇಳಬೇಕು. ಆದರೆ ತಕ್ಷಣ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಲಸಿಕೆ ಆರಂಭಿಸಿ ಪೂರ್ತಿ ಮಾಡಿದರೆ ರೋಗವನ್ನು ತಡೆಯಬಹುದು. ಖಾರದ ಪುಡಿ, ಸುಣ್ಣ, ಅರಿಶಿಣ ಹಚ್ಚಬಾರದು. ಸರಕಾರಿ ಆಸ್ಪತ್ರೆಯಲ್ಲಿ ಲಸಿಕೆ ಉಚಿತ. ಇಷ್ಟೆಲ್ಲ ಪುಸ್ತಕದಲ್ಲಿ ಓದಿದವನೇ ನಾನು. ಆದರೂ ಜನ ಏನಂದಾರು ಎಂಬ ಹೆದರಿಕೆಗೆ ಒಂದು ದಿನ ಕಳೆದೆ. ಆದ್ದರಿಂದ ನನ್ನ ಮಾತು ಇಷ್ಟೇ: ವಿದ್ಯಾರ್ಥಿ ಯಾವ ಕೆಲಸವನ್ನಾದರೂ ಮಾಡಲಿ, ಬಚ್ಚಿಟ್ಟು ಮಾಡಬಾರದು. ಮನೆಯವರು, ಗೆಳೆಯರು ಅವನು ಬಚ್ಚಿಡುವ ಹಾಗೆ ಮಾಡಲೂ ಬಾರದು.

ಸುದ್ದಿ ತಿಳಿದಾಗ ಅಬ್ಬಾ ಬೈಯಲಿಲ್ಲ, ಮಾತೇ ಆಡಲಿಲ್ಲ. ದಾದಿ ಮಾತ್ರ, ನಾಯಿ ಮುಟ್ಟಿದ ಕೈಯಲ್ಲಿ ನಮಾಜ್ ಹೇಗೆ ಮಾಡುತ್ತಿದ್ದೆ ಎಂದು ಕೇಳಿದರು. ಅದು ತಳ್ಳಿಹಾಕುವ ಪ್ರಶ್ನೆಯಲ್ಲ. ಅಬ್ಬಾ ನನ್ನನ್ನು ಕರೆದುಕೊಂಡು ನಮ್ಮ ಮಸೀದಿಯ ಇಮಾಮ್ ಸಾಹೇಬರ ಹತ್ತಿರ ಹೋದರು. ಅವರು ಶಾಂತವಾಗಿ ತಿಳಿಸಿದರು: ನಾಯಿಯ ಜೊಲ್ಲು ನಾಪಾಕ್. ಅದು ತಾಗಿದ ಮೈ, ಬಟ್ಟೆಯನ್ನು ತೊಳೆಯಬೇಕು. ಒಣಗಿದ ಮೈ ತಾಗಿದ ಮಾತ್ರಕ್ಕೆ ನಮ್ಮ ಹನಫಿ ಪದ್ಧತಿಯಲ್ಲಿ ಬಟ್ಟೆ ನಾಪಾಕ್ ಆಗುವುದಿಲ್ಲ. ಶೋಕಿಗಾಗಿ ನಾಯಿಯನ್ನು ಮನೆಯೊಳಗೆ ಸಾಕುವುದು ಬೇಡ. ಬೇರೆ ಬಟ್ಟೆ ಇಟ್ಟುಕೋ, ಶುದ್ಧನಾಗಿ ನಮಾಜಿಗೆ ಬಾ ಎಂದರು. ಸೂರಾ ಕಹಫ್‌ನಲ್ಲಿ ಗುಹೆಯ ಹೊಸ್ತಿಲಲ್ಲಿ ಮುಂಗಾಲು ಚಾಚಿ ಮಲಗಿದ ನಾಯಿಯನ್ನೂ, ಬಾಯಾರಿದ ನಾಯಿಗೆ ಬಾವಿಗಿಳಿದು ತನ್ನ ಚರ್ಮದ ಮೋಜಿನಲ್ಲಿ ನೀರು ತಂದುಕೊಟ್ಟು ಅಲ್ಲಾಹನ ಕ್ಷಮೆ ಪಡೆದವನ ಹದೀಸನ್ನೂ ನೆನಪಿಸಿದರು. ನಾನು ಆಲಿಮ್ ಅಲ್ಲ. ನಿಮಗೆ ಸಂದೇಹವಿದ್ದರೆ ನಿಮ್ಮ ಹಿರಿಯರನ್ನು ಕೇಳಿ. ನಾನು ಕಲಿತದ್ದು ಇಷ್ಟು: ಶುದ್ಧಿಯ ನಿಯಮಕ್ಕೆ ನೀರು ಸಾಕು, ನಾಚಿಕೆ ಬೇಕಿಲ್ಲ.

ಅಬ್ಬಾ ಮರುದಿನ ಆ ಎರಡೂ ಮನೆಗಳಿಗೆ ನನ್ನ ಜೊತೆ ಬಂದು ಮಾತಾಡಿದರು. 18 ತುಂಬದವರು ಮಾಡಿದ ಒಪ್ಪಂದಕ್ಕೆ 1872ರ ಕರಾರು ಕಾಯ್ದೆಯಲ್ಲಿ ಬೆಲೆಯಿಲ್ಲ, ಹಿರಿಯರೇ ಮಾತಾಡಬೇಕು. ಅಂದಿನಿಂದ ಕೆಲಸ ಸರಿಯಾದ ದಾರಿಗೆ ಬಂತು. ನಾಯಿಗೆ ಲಸಿಕೆ ಹಾಕಿಸಿದ ಕಾರ್ಡ್ ನೋಡದೆ ಚೈನು ಹಿಡಿಯುತ್ತಿರಲಿಲ್ಲ. ಒಂದು ಸಲಕ್ಕೆ ಒಂದೇ ನಾಯಿ. ಚೈನು ಕೈಯಲ್ಲಿ, ಮಣಿಕಟ್ಟಿಗೆ ಸುತ್ತುವಂತಿಲ್ಲ. ಬೀದಿನಾಯಿಗಳ ಹಿಂಡು ಇರುವ ಓಣಿ ಬಿಟ್ಟು ಬೇರೆ ದಾರಿ. ರಸ್ತೆಯಲ್ಲಿ ಅದು ಮಾಡಿದ್ದನ್ನು ಹಳೆಯ ಪೇಪರಿನಲ್ಲಿ ಎತ್ತಿ ಕಸಕ್ಕೆ. ಬೇಸಿಗೆಯಲ್ಲಿ ಈ ಕೆಲಸ ಮಾಡುವವರಿಗೆ ಇನ್ನೊಂದು ಮಾತು: ನಮ್ಮೂರ ಬಿಸಿಲಿಗೆ ಡಾಂಬರು ಕಾಯುತ್ತದೆ. ನಿಮ್ಮ ಅಂಗೈಯ ಹಿಂಬದಿಯನ್ನು ಏಳೆಂಟು ಸೆಕೆಂಡು ರಸ್ತೆಗೆ ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಆಗದು.

ಇದು ಸಣ್ಣ ಕೆಲಸವೇ? ಪಕ್ಕದ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಗೆ 2005ರಲ್ಲಿ ಅಂಚೆ ಚೀಟಿ ಬಂತು. 2016ರಲ್ಲಿ ಸೇನೆ ಅದನ್ನು ಮೀರತ್‌ನಲ್ಲಿ ತರಬೇತಿಗೆ ತೆಗೆದುಕೊಂಡಿತು. ಅಲ್ಲಿ ಅದರ ಚೈನು ಹಿಡಿಯುವವನು ಸಮವಸ್ತ್ರ ಧರಿಸಿದ ಯೋಧ. ನಮ್ಮ ಗದಗದಲ್ಲೇ ಪಶುವೈದ್ಯಕೀಯ ಕಾಲೇಜಿದೆ. ಪ್ರಾಣಿಯ ನಡಿಗೆ ನೋಡಿ ಅದರ ಆರೋಗ್ಯ ಹೇಳುವುದನ್ನು ಸ್ವಲ್ಪವಾದರೂ ಕಲಿತ ಮೇಲೆ ಆ ಕಾಲೇಜಿನ ಗೇಟು ನನಗೆ ಮೊದಲಿಗಿಂತ ಹತ್ತಿರ ಅನ್ನಿಸುತ್ತದೆ. ಇನ್ನು ನಂಬಿಕೆಯ ಮಾತು. 1905ರಲ್ಲಿ ನಮ್ಮದೇ ತಾಲ್ಲೂಕಿನ ಕಣಗಿನಹಾಳದ ರೈತರು ಸಹಕಾರಿ ಸಂಘ ಕಟ್ಟಿದ್ದು ಒಬ್ಬರನ್ನೊಬ್ಬರು ನಂಬಿಯೇ. ಒಂದು ಮನೆಯವರು ಬೆಳಗಿನ ಜಾವ ನಮ್ಮ ಕೈಗೆ ತಮ್ಮ ಗೇಟಿನ ಕೀಲಿ ಕೊಡುವುದೂ ಅಂಥದೇ ನಂಬಿಕೆಯಿಂದ.

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಿಂದ ಬಸ್ಸಿನಲ್ಲಿ ಬರುವ ಗೆಳೆಯರು ನಗುತ್ತಾರೆ: "ನಮ್ಮೂರಾಗ ನಾಯಿನ್ನ ಯಾರೂ ತಿರಗಸಂಗಿಲ್ಲಪಾ, ಅವ ನಮ್ಮನ್ನ ಬೆನ್ನಹತ್ತಿ ತಿರಗಸ್ತಾವ!" ನಿಜ. ಅಲ್ಲಿ ಈ ಕೆಲಸ ಸಿಗದು. ಆದರೆ ಬಕ್ರೀದ್‌ಗೆ ಹದಿನೈದು ದಿನ ಮೊದಲೇ ಕುರಿ, ಹೋತ ತಂದು, ಮೇವು ಹಾಕಲು, ಕಟ್ಟಿದ ಜಾಗ ಸ್ವಚ್ಛ ಮಾಡಲು ಪುರುಸೊತ್ತಿಲ್ಲದ ಮನೆಗಳು ನಿಮ್ಮ ಊರಲ್ಲೂ ಇವೆ. ಬೆಳಿಗ್ಗೆ ಅರ್ಧ ತಾಸು, ಸಂಜೆ ಅರ್ಧ ತಾಸು. ನಿಯಮ ಅದೇ: ಮನೆಯಲ್ಲಿ ಹೇಳಿ, ದರ ಮೊದಲೇ ಮಾತಾಡಿ, ಹೊತ್ತು ತಪ್ಪಿಸಬೇಡಿ.

"ಓದೋ ವಯಸ್ಸಿನಲ್ಲಿ ದುಡ್ಡಿನ ರುಚಿ ಹತ್ತಿದರೆ ಪುಸ್ತಕ ಬಿಡ್ತಾರೆ" ಎಂದು ಕೆಲವು ಉಪನ್ಯಾಸಕರು ಹೇಳುತ್ತಾರೆ. ಅವರ ಭಯ ಸುಳ್ಳಲ್ಲ. ಆಗಸ್ಟ್‌ನಲ್ಲಿ ಮೂರನೆಯ ನಾಯಿಯನ್ನೂ ಒಪ್ಪಿಕೊಂಡು ಒಂದು ವಾರ ಮೊದಲ ಪಿರಿಯಡ್ ತಪ್ಪಿಸಿದ್ದೆ. ಆಮೇಲೆ ಬಿಟ್ಟೆ. ಅದಕ್ಕೇ ಡಿಸೆಂಬರ್‌ಗೆ ಕೆಲಸವನ್ನೇ ನಿಲ್ಲಿಸಿದೆ, ಪರೀಕ್ಷೆ ಮುಗಿಯಲಿ ಎಂದು. ಆದರೆ ಗುರುಗಳೇ, ದುಡಿಯುವ ಹುಡುಗರು ಪ್ರತಿ ಕ್ಲಾಸಿನಲ್ಲೂ ಇದ್ದಾರೆ. "ಏನು ಕೆಲಸ ಮಾಡ್ತೀ, ಎಷ್ಟು ಹೊತ್ತು, ಎಲ್ಲಿ?" ಎಂದು ವರ್ಷಕ್ಕೊಮ್ಮೆ ಕೇಳಿ. ನನ್ನನ್ನು ಒಬ್ಬರು ಕೇಳಿದ್ದರಿಂದಲೇ ನಾನು ಆಸ್ಪತ್ರೆಗೆ ಹೋದೆ.

ಮಾಸ್ತರರ ಮೊಣಕಾಲು ಇನ್ನೂ ಪೂರ್ತಿ ಸರಿಯಾಗಿಲ್ಲ, ಲ್ಯಾಬ್ರಡಾರ್ ಮತ್ತೆ ಊದುತ್ತಿದೆ. ಪ್ರಥಮ ಪಿಯುಸಿಯ ಯಾರಿಗಾದರೂ ಆಸಕ್ತಿಯಿದ್ದರೆ ನನ್ನನ್ನು ಕಾಣಿ, ಮನೆ ತೋರಿಸುತ್ತೇನೆ. ಬರುವಾಗ ಅಬ್ಬಾನನ್ನೋ ಅಮ್ಮಿಯನ್ನೋ ಕರೆದುಕೊಂಡು ಬನ್ನಿ.